ತೂಗಿದ ಸುಣ್ಣ ಬೇರೆ, ಕರಗಿದ ಸುಣ್ಣ ಬೇರೆ

ಲ್ಯಾಬಿನಲ್ಲಿ ಕಿಟ್ಟ ಮಾಡಲು ಹೊರಟ ನನ್ನ ಮೊದಲನೇ ಬ್ಯಾಚು ಗಂಜಿ ಉಕ್ಕಿದ ಹಾಗೆ ಉಕ್ಕಿ ಫರ್ನೇಸಿನೊಳಗೆ ಚೆಲ್ಲಿಹೋಯಿತು. ಸುಟ್ಟ ಸುಣ್ಣ ಗಾಳಿಯ ತೇವ ಹೀರಿ ತೂಕದಲ್ಲಿ ಮೋಸ ಮಾಡುತ್ತದೆ ಅಂತ ಅದರ ಬದಲು ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿದ್ದೆ. ನೂರು ಗ್ರಾಂ ಕಾರ್ಬೊನೇಟಿಗೆ 56 ಗ್ರಾಂ ಸುಣ್ಣ, ಉಳಿದ 44 ಗ್ರಾಂ ಗಾಳಿಪಾಲು. ಆ ಲೆಕ್ಕ ಸರಿಯಾಗಿಯೇ ಇತ್ತು. ಅಷ್ಟು ಅನಿಲ ಹೊರಗೆ ಹೋಗಲು ಹೊತ್ತು ಬೇಕು ಅನ್ನುವುದು ಮಾತ್ರ ತಲೆಗೆ ಬಂದಿರಲಿಲ್ಲ. "ಹಾಲು ಕಾಯಿಸಿ ಅಭ್ಯಾಸ ಇಲ್ವಾ ಸಾರ್ ನಿಮಗೆ?" ಅಂತ ಲ್ಯಾಬಿನ ಟೆಕ್ನಿಶಿಯನ್ ಅಣ್ಣ ನಕ್ಕರು. ಆಮೇಲಿಂದ ಪುಡಿಯನ್ನೆಲ್ಲ ಮೊದಲು 900 ಡಿಗ್ರಿಯಲ್ಲಿ ಎರಡು ಗಂಟೆ ಸುಟ್ಟು, ಮತ್ತೆ ಅರೆದು, ಆಮೇಲೆ ಕರಗಿಸುವುದು ರೂಢಿಯಾಯಿತು.

ನಾನು ಮಾಡುತ್ತಿದ್ದದ್ದು ಟೈಟೇನಿಯಂ ಇರುವ ಕಿಟ್ಟ, ಅಂದರೆ ಸ್ಲ್ಯಾಗ್, ಅದಿರು ಕರಗಿಸಿದಾಗ ಲೋಹದ ಮೇಲೆ ತೇಲಿ ಉಳಿಯುವ ಕಲ್ಲಿನಂಥ ಕಸ. ಚೀನಾದ ಸಿಚುವಾನ್ ಪ್ರಾಂತ್ಯದ ಪಾನ್‌ಝಿಹುವಾದಲ್ಲಿ ವನೇಡಿಯಂ, ಟೈಟೇನಿಯಂ ಎರಡೂ ಇರುವ ಮ್ಯಾಗ್ನೆಟೈಟ್ ಅದಿರನ್ನು ಊದುಕುಲುಮೆಯಲ್ಲಿ ಕರಗಿಸುತ್ತಾರೆ. ಕಬ್ಬಿಣ, ವನೇಡಿಯಂ ಕೆಳಗೆ ಹೋಗುತ್ತವೆ. ಟೈಟೇನಿಯಂ ಕಿಟ್ಟದಲ್ಲಿ ಉಳಿಯುತ್ತದೆ. ಆ ಕಿಟ್ಟದಲ್ಲಿ ಟೈಟೇನಿಯಂ ಡೈಆಕ್ಸೈಡ್ ನೂರಕ್ಕೆ 20ರಿಂದ 25 ಭಾಗ. ಬಣ್ಣದ ಕಾರ್ಖಾನೆಗೆ ಕೊಡಲು ಸಾಲದು, ಸಿಮೆಂಟಿಗೆ ಹಾಕಲು ಹೆಚ್ಚು. ಹಾಗಾಗಿ ಬೆಟ್ಟದಂತೆ ಬಿದ್ದಿದೆ. ನಮ್ಮ ಚನ್ನಗಿರಿ ಸೀಮೆಯ ಉಬ್ರಾಣಿ ಕಡೆಯಲ್ಲೂ ಇದೇ ಜಾತಿಯ ಅದಿರಿದೆ ಅನ್ನುವುದು ನನ್ನನ್ನು ಈ ಕೆಲಸಕ್ಕೆ ಎಳೆದ ಕಾರಣಗಳಲ್ಲಿ ಒಂದು. ಆದರೆ ಓದಲು ಹೆಚ್ಚು ಸಿಗುವುದು ಪಾನ್‌ಝಿಹುವಾ ಕಿಟ್ಟದ ಬಗ್ಗೆ, ಆದ್ದರಿಂದ ಅದರ ನಮೂನೆಯಲ್ಲೇ ಲ್ಯಾಬಿನಲ್ಲಿ ಕೃತಕ ಕಿಟ್ಟ ಮಾಡಿಕೊಂಡೆ.

ಆ ಕಿಟ್ಟದಲ್ಲಿ ಟೈಟೇನಿಯಂ ಒಂದೇ ಮನೆಯಲ್ಲಿ ಇರುವುದಿಲ್ಲ. ಸ್ವಲ್ಪ ಪೆರೋವ್‌ಸ್ಕೈಟ್‌ನಲ್ಲಿ (ಸುಣ್ಣ, ಟೈಟೇನಿಯಂ ಸೇರಿದ ಖನಿಜ), ಸ್ವಲ್ಪ ಪೈರಾಕ್ಸೀನ್ ಜಾತಿಯ ಸಿಲಿಕೇಟ್‌ಗಳಲ್ಲಿ, ಸ್ವಲ್ಪ ಗಾಜಿನಲ್ಲಿ. ಅದನ್ನೆಲ್ಲ ಪೆರೋವ್‌ಸ್ಕೈಟ್ ಒಂದರೊಳಗೆ ಕೂಡಿಹಾಕಿ, ಹರಳನ್ನು ದೊಡ್ಡದಾಗಿ ಬೆಳೆಸಿದರೆ, ಕಿಟ್ಟವನ್ನು ಪುಡಿಮಾಡಿ ಹರಳನ್ನು ಬೇರೆ ತೆಗೆಯಬಹುದು. ಪೆರೋವ್‌ಸ್ಕೈಟ್‌ನ ಸಾಂದ್ರತೆ ಸುಮಾರು 4, ಸಿಲಿಕೇಟ್‌ಗಳದ್ದು 3.3ರ ಆಸುಪಾಸು. (ಈಗ ಸೌರಕೋಶದ ಸುದ್ದಿಯಲ್ಲಿ ಬರುವ ಪೆರೋವ್‌ಸ್ಕೈಟ್ ಅನ್ನುವುದು ರಚನೆಯ ಹೆಸರು. ಮೂಲ ಖನಿಜ ಕ್ಯಾಲ್ಸಿಯಂ ಟೈಟನೇಟ್. 1839ರಲ್ಲಿ ಉರಾಲ್ ಬೆಟ್ಟಗಳ ಕಲ್ಲಿನಲ್ಲಿ ಜರ್ಮನಿಯ ಖನಿಜತಜ್ಞ ಗುಸ್ತಾವ್ ರೋಸ್ ಗುರುತಿಸಿದ್ದು.)

ನನ್ನ ಅಡುಗೆ ನೂರು ಗ್ರಾಂಗೆ ಹೀಗಿತ್ತು: ಟೈಟೇನಿಯಾ (ಅದೇ ಟೈಟೇನಿಯಂ ಡೈಆಕ್ಸೈಡ್) 22, ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) 13, ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) 8. ಉಳಿದ 57ರಲ್ಲಿ ಸುಣ್ಣ ಎಷ್ಟು, ಸಿಲಿಕಾ ಎಷ್ಟು ಅನ್ನುವುದೇ ಆಟ. ಸುಣ್ಣವನ್ನು ಸಿಲಿಕಾದಿಂದ ಭಾಗಿಸಿದರೆ ಬರುವುದು ಬೇಸಿಸಿಟಿ. 0.9, 1.1, 1.3, 1.5 ಅಂತ ನಾಲ್ಕು ಮೆಟ್ಟಿಲು ಇಟ್ಟುಕೊಂಡೆ. 1.1ಕ್ಕೆ ಸುಣ್ಣ 29.9, ಸಿಲಿಕಾ 27.1.

ಇಲ್ಲೊಂದು ಲೆಕ್ಕ ನನ್ನನ್ನು ಬಹಳ ದಿನ ಕಾಡಿತು. 22 ಗ್ರಾಂ ಟೈಟೇನಿಯಾ ಪೂರ್ತಿ ಪೆರೋವ್‌ಸ್ಕೈಟ್ ಆಗಲು ಬೇಕಾದ ಸುಣ್ಣ ಬರೀ 15.4 ಗ್ರಾಂ. 0.9ರಲ್ಲೂ ನಾನು ಹಾಕಿದ್ದು 27 ಗ್ರಾಂ, ಅದರ ಒಂದೂಮುಕ್ಕಾಲರಷ್ಟು. ಹಾಗಿದ್ದೂ 0.9ರ ಕಿಟ್ಟದಲ್ಲಿ ಹರಳು ಅಲ್ಲೊಂದು ಇಲ್ಲೊಂದು, ಬಡಕಲು. ಕಾರಣ ಸಿಲಿಕಾ. ಅದೂ ಸುಣ್ಣದ ಹಸಿವಿನದ್ದೇ, ಪಂಕ್ತಿಯಲ್ಲಿ ಅದೂ ಕೂತಿರುತ್ತದೆ. ಸಿಲಿಕಾದ ಹೊಟ್ಟೆ ತುಂಬಿದಷ್ಟೂ ಟೈಟೇನಿಯಂಗೆ ಸುಣ್ಣ ಸಲೀಸಾಗಿ ಸಿಗುತ್ತದೆ. ಬೇಸಿಸಿಟಿ ಏರಿಸುವುದು ಅಂದರೆ ಇಷ್ಟೇ. ಸುಣ್ಣ ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಸಿಲಿಕಾದ ಉದ್ದುದ್ದ ಸರಪಳಿಗಳನ್ನು ತುಂಡರಿಸಿ ದ್ರವವನ್ನು ತೆಳುವಾಗಿಸುತ್ತದೆ. ತೆಳುವಾದರೆ ಅಯಾನುಗಳು ಓಡಾಡುತ್ತವೆ, ಹರಳು ಬೆಳೆಯುತ್ತದೆ.

ನಮ್ಮದು ಮಂಡ್ಯ ಕಡೆ. ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಬಿಡುವುದನ್ನು ನೋಡುತ್ತಲೇ ಬೆಳೆದವನು. ಸುಣ್ಣ ಹದವಾಗಿ ಬಿದ್ದರೆ ಬೆಲ್ಲ ಗಟ್ಟಿ, ಹರಳು ಹರಳು. ಹೆಚ್ಚಾದರೆ ಕಪ್ಪು. ಕಿಟ್ಟದಲ್ಲೂ ಹೆಚ್ಚು ಕಡಿಮೆ ಅದೇ ಆಯಿತು, ಕಾರಣ ಬೇರೆ ಇರಬಹುದು. 1.5ಕ್ಕೆ ಹೋದಾಗ ಪೆರೋವ್‌ಸ್ಕೈಟ್ ಬಹಳ ಮೇಲಿನ ಉಷ್ಣತೆಯಲ್ಲೇ ಹುಟ್ಟಲು ಶುರುಮಾಡಿತು, ಅದೂ ಒಟ್ಟೊಟ್ಟಿಗೆ ಸಾವಿರಾರು ಕಡೆ. ಎಲ್ಲಕ್ಕೂ ಪಾಲು ಹಂಚಬೇಕಾಗಿ ಯಾವುದೂ ದೊಡ್ಡದಾಗಲಿಲ್ಲ. ಮೇಲಾಗಿ ಘನ ಹರಳು ತುಂಬಿಕೊಂಡ ದ್ರವ ಮುದ್ದೆಯ ಹಾಗೆ ಬಿಗಿದುಕೊಂಡಿತು. ಪೆರೋವ್‌ಸ್ಕೈಟ್‌ನ ಪ್ರಮಾಣ ಹೆಚ್ಚು, ಗಾತ್ರ ಕಡಿಮೆ. ಇವೆರಡೂ ಬೇರೆ ಬೇರೆ ಅಂತ ಗೊತ್ತಿದ್ದೂ, ಕಣ್ಣಾರೆ ನೋಡುವವರೆಗೆ ನಾನು ಒಂದೇ ಅಂದುಕೊಂಡು ಮಾತಾಡುತ್ತಿದ್ದೆ.

ಆದರೆ 1.3ರ ಮಾದರಿಗಳು ಯಾವ ದಾರಿಗೂ ಬರಲಿಲ್ಲ. ಒಂದರಲ್ಲಿ ಹರಳು ಚೆನ್ನ, ಅದೇ ಅಡುಗೆಯ ಇನ್ನೊಂದರಲ್ಲಿ ಪೈರಾಕ್ಸೀನ್ ತುಂಬಿ ಪೆರೋವ್‌ಸ್ಕೈಟ್ ಸೊರಗಿದೆ. ತಣಿಸಿದ ವೇಗ ಒಂದೇ, 1500ರಿಂದ ನಿಮಿಷಕ್ಕೆ 2 ಡಿಗ್ರಿ. ಎರಡು ತಿಂಗಳು ಫರ್ನೇಸಿನ ಉಷ್ಣತೆ ಅಳೆಯುವ ಥರ್ಮೋಕಪಲ್ ಮೇಲೆ ಗೂಬೆ ಕೂರಿಸಿದೆ. ಕೊನೆಗೆ ಬೇಸತ್ತು ಒಂದು ಮಾದರಿಯನ್ನು ಮೂಸೆ ಸಮೇತ ನಡುವೆ ಕೊಯ್ದು ಪಾಲಿಶ್ ಮಾಡಿದೆ. ಅಂಚಿನಿಂದ ನಡುವಿನವರೆಗೆ ಸೂಕ್ಷ್ಮದರ್ಶಕದಲ್ಲಿ ನಡೆದುಕೊಂಡು ಹೋದರೆ ಕಥೆ ತಾನೇ ಬಿಚ್ಚಿಕೊಂಡಿತು. ಮೂಸೆಯ ಗೋಡೆಯ ಹತ್ತಿರ ಚೌಕ ಚೌಕದ ಸ್ಪಿನೆಲ್ (ಮೆಗ್ನೀಷಿಯಾ, ಅಲ್ಯೂಮಿನಾ ಸೇರಿದ ಖನಿಜ) ಹರಳುಗಳು, ಆಮೇಲೆ ಪೈರಾಕ್ಸೀನ್, ನಡುವಿನಲ್ಲಿ ಮಾತ್ರ ಪೆರೋವ್‌ಸ್ಕೈಟ್‌ನ ಬಿಳಿ ಶಿಲುಬೆಗಳು. ನನ್ನ ಮೂಸೆ ಅಲ್ಯೂಮಿನಾದ್ದು. ಸುಣ್ಣ ಹೆಚ್ಚಿದ ಕಿಟ್ಟ ಅದನ್ನೇ ತಿಂದು ಹಾಕುತ್ತಿತ್ತು. ವಿಶ್ಲೇಷಣೆಗೆ ಕೊಟ್ಟರೆ, 13 ಭಾಗ ತೂಗಿದ ಅಲ್ಯೂಮಿನಾ 19 ದಾಟಿತ್ತು. ಅಲ್ಯೂಮಿನಿಯಂ ಪೈರಾಕ್ಸೀನ್ ಒಳಗೆ ಸೇರಿಕೊಂಡಾಗ ಜೊತೆಗೆ ಟೈಟೇನಿಯಂಗೂ ಅಲ್ಲಿ ಜಾಗ ಮಾಡಿಕೊಡುತ್ತದೆ. ಪೆರೋವ್‌ಸ್ಕೈಟ್‌ಗೆ ಬರಬೇಕಾದ ಟೈಟೇನಿಯಂ ಹೀಗೆ ಹಿತ್ತಲ ಬಾಗಿಲಿಂದ ಹೊರಟುಹೋಗುತ್ತಿತ್ತು.

ನೋಟ್‌ಬುಕ್ಕಿನಲ್ಲಿ ನಾನು ಬರೆದಿಟ್ಟದ್ದು ತಕ್ಕಡಿಯ ಸಂಯೋಜನೆ. ಹರಳು ಬೆಳೆದದ್ದು ಮೂಸೆಯೊಳಗಿನ ಸಂಯೋಜನೆಯಲ್ಲಿ. ಆರು ತಿಂಗಳ ಗ್ರಾಫುಗಳ ಅಡ್ಡಗೆರೆಯೇ ಸುಳ್ಳಾಗಿತ್ತು.

ಪ್ಲಾಟಿನಂ ಮೂಸೆ ಬೇರೆ ವಿಭಾಗದಿಂದ ಸಾಲ ತಂದೆ. ಬೊಗಸೆಯಲ್ಲಿ ಹಿಡಿದು ತರುವಾಗ ಮಗು ಎತ್ತಿಕೊಂಡಷ್ಟು ಭಯ. ಅದರಲ್ಲಿ ಹತ್ತು ಗ್ರಾಂ ಕಿಟ್ಟ ಮಾತ್ರ ಮಾಡಬಹುದು, ಆದರೆ ಹಾಕಿದ್ದೇ ಉಳಿಯುತ್ತದೆ. ಗಾಳಿಯಲ್ಲೇ ಕರಗಿಸುವುದರಿಂದ ಟೈಟೇನಿಯಂ ಪೂರ್ತಿ ಉತ್ಕರ್ಷಗೊಂಡ ಸ್ಥಿತಿಯಲ್ಲಿ ಇರುತ್ತದೆ. ನಿಜವಾದ ಊದುಕುಲುಮೆಯ ಕಿಟ್ಟ ಹಾಗಲ್ಲ. ಅದರಲ್ಲಿ ಟೈಟೇನಿಯಂ ಕಾರ್ಬೈಡ್, ನೈಟ್ರೈಡ್‌ನ ಸಣ್ಣ ಕಣಗಳು ತೇಲುತ್ತಾ ದ್ರವವನ್ನು ಅಂಟಂಟು ಮಾಡುತ್ತವೆ. ಅದಕ್ಕೇ ಅಲ್ಲಿ ಮೊದಲು ಬಿಸಿ ಕಿಟ್ಟಕ್ಕೆ ಗಾಳಿ ಊದಬೇಕು ಅನ್ನುತ್ತಾರೆ.

ಫ್ಲೋರ್‌ಸ್ಪಾರ್ (ದ್ರವ ತೆಳುವಾಗಿಸಲು ಹಾಕುವ ಕ್ಯಾಲ್ಸಿಯಂ ಫ್ಲೋರೈಡ್ ಖನಿಜ) ಕಥೆ ಚಿಕ್ಕದು. ನೂರಕ್ಕೆ ಐದರಷ್ಟು ಹಾಕಿದಾಗ ಹರಳು ನಿಜಕ್ಕೂ ದಪ್ಪಗಾಯಿತು, ದ್ರವ ನೀರಿನಂತೆ ಹರಿಯಿತು. ಆದರೆ ಪ್ರತಿ ಸಲ ತೂಕ ಕಡಿಮೆ. ಫ್ಲೋರಿನ್ ಒಂದಿಷ್ಟು ಸಿಲಿಕಾನನ್ನೂ ಕಟ್ಟಿಕೊಂಡು ಅನಿಲವಾಗಿ ಹಾರಿಹೋಗುತ್ತದೆ, ಅಂದರೆ ಬೇಸಿಸಿಟಿ ತಾನಾಗಿಯೇ ಏರುತ್ತದೆ. ಹರಳು ದಪ್ಪಗಾದದ್ದು ತೆಳುವಾದ ದ್ರವದಿಂದಲೋ, ಏರಿದ ಬೇಸಿಸಿಟಿಯಿಂದಲೋ? ಬಿಡಿಸಿ ಹೇಳಲು ಆಗಲಿಲ್ಲ. ಆ ಹೊಗೆಯೂ ಒಳ್ಳೆಯದಲ್ಲ. ಎರಡು ಮಾದರಿ ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟೆ.

ಪ್ಲಾಟಿನಂನಲ್ಲಿ 1.3 ಕೊನೆಗೂ ಮಾತು ಕೇಳಿತು. ಎಲ್ಲ ಮಾದರಿಯಲ್ಲೂ ದೊಡ್ಡ ಹರಳು, ಮೂರು ಸಲ ಮಾಡಿದರೂ ಅದೇ. ಖುಷಿಯಲ್ಲಿ ಪುಡಿಮಾಡಿ ನೋಡಿದರೆ ಬಿಡಿ ಹರಳು ಕಡಿಮೆ, ಸಿಲಿಕೇಟ್ ಕಚ್ಚಿಕೊಂಡ ಚೂರುಗಳೇ ಜಾಸ್ತಿ! ನಾನು ಅಳೆದು ಹಿಗ್ಗುತ್ತಿದ್ದ ಹರಳೆಲ್ಲ ಜರೀಗಿಡದ ಎಲೆಯ ಹಾಗೆ ಕವಲೊಡೆದವು, ಡೆಂಡ್ರೈಟ್‌ಗಳು. ತುದಿಯಿಂದ ತುದಿಗೆ ಉದ್ದ ಇದೆ ನಿಜ, ಆದರೆ ಕವಲುಗಳ ಸಂದಿಯಲ್ಲೆಲ್ಲ ಸಿಲಿಕೇಟ್ ಸಿಕ್ಕಿಹಾಕಿಕೊಂಡಿದೆ. ನನ್ನ ಗೈಡ್ ಸರ್ ಚೂರುಗಳನ್ನು ನೋಡಿ, "ಉದ್ದ ಅಳೀಬೇಡ, ಕವಲಿನ ದಪ್ಪ ಅಳಿ" ಅಂದರು.

ಅಂದಿನಿಂದ ತಣಿಸುವಾಗ 1350ರಲ್ಲಿ ನಿಲ್ಲಿಸಿ ಎರಡು ಗಂಟೆ ಕಾಯುತ್ತಿದ್ದೇನೆ. ಸಣ್ಣ ಕವಲುಗಳು ಕರಗಿ ದಪ್ಪ ಕವಲಿಗೆ ಸೇರಿಕೊಳ್ಳುತ್ತವೆ, ಎಲೆಯಂತಿದ್ದದ್ದು ನಿಧಾನಕ್ಕೆ ಕಾಳಿನಂತಾಗುತ್ತದೆ. 1.1ರಲ್ಲಿ ಎರಡು ಗಂಟೆಯಾದರೂ ಕವಲು ಹಾಗೇ ಉಳಿಯುತ್ತದೆ, 1.3ರಲ್ಲಿ ದುಂಡಗಾಗುತ್ತದೆ. ನಾಲ್ಕು ಗಂಟೆ ಇಟ್ಟ 1.1ರ ಮಾದರಿ ಈಗ ರಾಳದಲ್ಲಿ ಒಣಗುತ್ತಿದೆ, ನಾಳೆ ಪಾಲಿಶ್‌ಗೆ ಹಾಕಬೇಕು.