ಹರಾಜಿನಲ್ಲಿ ಹಳೆಯ ಮೇಜು, ಜರಿ ಸೀರೆ, ಲೇಸು: ಸವಾಲು ಕೂಗುವ ಮುನ್ನ ನೋಡಬೇಕಾದದ್ದು

ಹರಾಜಿನ ದಿನ ನೇರವಾಗಿ ಬಂದು, ಮುಂದಿನ ಸಾಲಿನಲ್ಲಿ ಕೂತು, ಮಿರಮಿರ ಮಿಂಚುವ ಮೇಜು ಕಂಡೊಡನೆ ಕೈಯೆತ್ತುವವರನ್ನು ಪ್ರತಿ ಸಲವೂ ನೋಡುತ್ತೇನೆ. ಮನೆಗೆ ತಂದು ಡ್ರಾಯರ್ ಹೊರಗೆಳೆದಾಗ ಒಳಗಿನ ಪ್ಲೈವುಡ್ ಕಾಣಿಸುತ್ತದೆ. ಅಜ್ಜಿಯ ಕಾಲದ್ದೆಂದು ಕೊಂಡ ಸೀರೆ ಮೊದಲ ಸಲ ಬಿಚ್ಚಿದಾಗಲೇ ಮಡಿಕೆಯುದ್ದಕ್ಕೂ ಸೀಳುತ್ತದೆ. ವಾಪಸ್ ಕೊಡೋಣವೆಂದರೆ ಹರಾಜಿನ ಮಾಲು ‘ಇದ್ದದ್ದು ಇದ್ದಂತೆ’ ಎಂಬ ಷರತ್ತಿನ ಮೇಲೆ ಮಾರಾಟವಾದದ್ದು, ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಈ ಕೆಲಸದ ಮುಕ್ಕಾಲು ಪಾಲು ಹರಾಜಿಗೆ ಮುಂಚಿನ ವೀಕ್ಷಣೆಯ ದಿನವೇ ಮುಗಿದಿರಬೇಕು. ಹಾಗಾಗಿ ಈ ಲೇಖನದಲ್ಲೂ ಮುಕ್ಕಾಲು ಪಾಲು ಅದರದ್ದೇ.

1. ಎಲ್ಲಿ ಹುಡುಕುವುದು

ಕೋಲ್ಕತ್ತದ ರಸೆಲ್ ಸ್ಟ್ರೀಟಿನ ರಸೆಲ್ ಎಕ್ಸ್‌ಚೇಂಜ್ ತನ್ನ ಭಾನುವಾರದ ಹರಾಜಿಗೆ ಹೆಸರುವಾಸಿ. ನಮ್ಮಲ್ಲಿ ಒಳ್ಳೆಯ ಮಾಲು ಹೊರಬರುವುದು ಹೆಚ್ಚಾಗಿ ಹಳೆಯ ಮನೆ ಕೆಡವುವಾಗ, ಕೊಡಗು, ಚಿಕ್ಕಮಗಳೂರಿನ ಕಡೆ ಎಸ್ಟೇಟ್ ಬಂಗಲೆ ಕೈ ಬದಲಾಯಿಸುವಾಗ. ಕ್ಯಾಟಲಾಗ್ ಸಿಕ್ಕ ಕೂಡಲೇ ಬೇಕಾದ ಲಾಟ್ (ಒಂದು ಸವಾಲಿಗೆ ಇಟ್ಟ ವಸ್ತು) ನಂಬರುಗಳಿಗೆ ಗುರುತು ಹಾಕಿ. ಐದಾರಕ್ಕಿಂತ ಹೆಚ್ಚು ಬೇಡ, ಒಂದೊಂದನ್ನು ಸರಿಯಾಗಿ ನೋಡಲು ಅರ್ಧ ಗಂಟೆ ಬೇಕು.

2. ವೀಕ್ಷಣೆಯ ದಿನ: ಮರದ ಸಾಮಾನು

ಒಂದು ಟಾರ್ಚ್, ಅಳತೆ ಟೇಪು, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪ್, ಚಿಕ್ಕ ಅಯಸ್ಕಾಂತ ಜೇಬಿನಲ್ಲಿರಲಿ. ಮೇಜಿನ ಮೇಲ್ಭಾಗವನ್ನು ಕೊನೆಗೆ ನೋಡಿ. ಪಾಲಿಶ್ ಮಾಡುವವನು ಕೈಯಾಡಿಸುವುದು ಅಲ್ಲೇ, ಕೆಳಭಾಗಕ್ಕೆ ಅವನು ಹೋಗುವುದು ಅಪರೂಪ. ಆದ್ದರಿಂದ ಮೊದಲು ಡ್ರಾಯರನ್ನು ಪೂರ್ತಿ ಹೊರಗೆ ತೆಗೆದು ಮಗುಚಿ. ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕೂಡಿಸಿದ ಹೆಣಿಗೆ ಇರುತ್ತದೆ. ಉಳಿ ಹಿಡಿದು ಕೈಯಿಂದ ಕೆತ್ತಿದ್ದಾದರೆ ಒಂದು ಹಲ್ಲು ಅಗಲ, ಇನ್ನೊಂದು ಸಣ್ಣ, ಪಕ್ಕದಲ್ಲಿ ಬಡಗಿ ಎಳೆದ ಗುರುತಿನ ಗೆರೆಯೂ ಉಳಿದಿರುತ್ತದೆ. ಎಲ್ಲ ಹಲ್ಲೂ ಒಂದೇ ಅಳತೆಯಲ್ಲಿ ಕರಾರುವಾಕ್ಕಾಗಿದ್ದರೆ ಅದು ಯಂತ್ರದ ಕೆಲಸ.

ತಳದ ಹಲಗೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕೈಗರಗಸದ ಗೆರೆಗಳು ನೇರ, ಆದರೆ ಒಂದಕ್ಕೊಂದು ಸಮವಿಲ್ಲದವು. ಬಿಲ್ಲಿನಂತೆ ಬಾಗಿದ ಗೆರೆಗಳಿದ್ದರೆ ಸಾಮಿಲ್ಲಿನ ದುಂಡು ಗರಗಸದಲ್ಲಿ ಕೊಯ್ದದ್ದು. ಸ್ಕ್ರೂಗಳನ್ನೂ ನೋಡಿ. ನಕ್ಷತ್ರದಂಥ ತಲೆಯ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ‘ನೂರೈವತ್ತು ವರ್ಷದ ಕುರ್ಚಿ’ಯ ಕೀಲುಕೀಲಿನಲ್ಲೂ ಅದೇ ಇದ್ದರೆ ಒಂದೋ ಕುರ್ಚಿ ಹೊಸದು, ಇಲ್ಲವೇ ಬಿಚ್ಚಿ ಮತ್ತೆ ಕಟ್ಟಿದ್ದು. ಒಂದೆರಡು ಸ್ಕ್ರೂ ಮಾತ್ರ ಬದಲಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಬಳಕೆಯಲ್ಲಿದ್ದ ಕುರ್ಚಿಗೆ ರಿಪೇರಿ ಸಹಜ.

ದುಂಡು ಮೇಜಾದರೆ ಟೇಪು ತೆಗೆಯಿರಿ. ಮರ ಒಣಗುತ್ತಾ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನಿಜಕ್ಕೂ ಹಳೆಯದಾದ ದುಂಡು ಮೇಜು ಪೂರ್ತಿ ದುಂಡಗೆ ಉಳಿದಿರುವುದಿಲ್ಲ. ಎರಡು ದಿಕ್ಕಿನಲ್ಲಿ ಅಳೆದರೆ ಕೆಲವು ಮಿಲಿಮೀಟರ್ ವ್ಯತ್ಯಾಸ ಸಿಗಬೇಕು. ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ ಇದು.

ಬೀಟೆಯೆಂದು ಬರೆದಿದ್ದರೆ ಮರ ಯಾವುದೆಂದು ನೀವೇ ಖಚಿತ ಮಾಡಿಕೊಳ್ಳಿ. ತೇಗಕ್ಕೆ, ಅದಕ್ಕಿಂತ ಅಗ್ಗದ ಮರಕ್ಕೆ ಕಪ್ಪು ಬಣ್ಣ ಹೊಡೆದು ಬೀಟೆಯೆಂದು ದಾಟಿಸುವುದು ಮಾಮೂಲು. ಬೀಟೆ ನೇರಳೆ ಬೆರೆತ ಕಂದು, ನಡುನಡುವೆ ಕಪ್ಪು ಗೆರೆ, ಎತ್ತಿದರೆ ಕೈ ಸೋಲುವಷ್ಟು ಭಾರ. ಪಾಲಿಶ್ ಬೀಳದ ಕಾಲಿನ ತುದಿ ಅಥವಾ ಡ್ರಾಯರಿನ ಅಂಚು ಸುಳ್ಳು ಹೇಳುವುದಿಲ್ಲ, ಅಲ್ಲಿ ಮರ ಬೆಳ್ಳಗೆ ಕಂಡರೆ ಬಣ್ಣ ಹೊಡೆದದ್ದೇ. ಹಿತ್ತಾಳೆಯ ಹಿಡಿ, ಮೂಲೆಗಟ್ಟುಗಳಿಗೆ ಅಯಸ್ಕಾಂತ ತಾಗಿಸಿ. ಅಂಟಿಕೊಂಡರೆ ಕಬ್ಬಿಣಕ್ಕೆ ಹಿತ್ತಾಳೆಯ ಲೇಪ ಕೊಟ್ಟದ್ದು.

ಹುಳುವಿನ ತೂತುಗಳಿಗೆ ಹೆದರಬೇಡಿ, ತೂತಿನಿಂದ ಉದುರುವ ಹಿಟ್ಟಿಗೆ ಹೆದರಿ. ಹಳೆಯ ತೂತಿನ ಅಂಚು ಕಪ್ಪಾಗಿ ಒಳಗೆ ಧೂಳು ಕೂತಿರುತ್ತದೆ. ಹೊಸದರಲ್ಲಿ ಅಂಚು ಚೂಪು, ಬಡಿದರೆ ನುಣ್ಣನೆಯ ಬಿಳಿ ಹಿಟ್ಟು ನೆಲಕ್ಕೆ ಬೀಳುತ್ತದೆ. ಅದನ್ನು ಮನೆಗೆ ತಂದರೆ ನಿಮ್ಮ ಬಾಗಿಲು, ಕಿಟಕಿಗೂ ಹುಳು ತಂದಂತೆ.

ಎಸ್ಟೇಟ್ ಬಂಗಲೆಗಳ ಪ್ಲಾಂಟರ್ಸ್ ಚೇರಿನ ಬಗ್ಗೆ ಒಂದು ಮಾತು. ಕಾಲು ಚಾಚಿ ಇಡಲು ಕೈಗಳ ಅಡಿಯಿಂದ ಹೊರಗೆ ತಿರುಗುವ ಉದ್ದನೆಯ ಪಟ್ಟಿಗಳಿರುವ, ಬೆತ್ತ ಹೆಣೆದ ಆ ಕುರ್ಚಿಯ ನಕಲುಗಳು ಈಗ ರಾಶಿ ರಾಶಿ ತಯಾರಾಗುತ್ತಿವೆ. ಪಟ್ಟಿ ತಿರುಗುವ ಕೀಲನ್ನು ನೋಡಿ. ವರ್ಷಗಟ್ಟಲೆ ತಿರುಗಿದ ಕಡೆ ಮರದಲ್ಲಿ ಕಮಾನಿನಾಕಾರದ ಸವೆತ ಇರಲೇಬೇಕು, ಮುಂಗೈ ಒರಗುವ ಜಾಗದಲ್ಲೂ ಮರ ತುಸು ತಗ್ಗಿರಬೇಕು. ಯಾರೂ ಕೈಯಿಡದ ಕಡೆಯೂ ಸಮನಾಗಿ ಸವೆದಿದ್ದರೆ ಅದು ಸ್ಯಾಂಡ್ ಪೇಪರಿನ ಕೆಲಸ. ಬೆತ್ತ ಹರಿದಿದ್ದರೆ ಪರವಾಗಿಲ್ಲ, ಹೊಸದಾಗಿ ಹೆಣೆಯುವವರು ಸಿಗುತ್ತಾರೆ. ಬೆತ್ತ ಹರಿದ ಕುರ್ಚಿಗೆ ಸವಾಲು ಕಡಿಮೆ ಏರುವುದರಿಂದ ನಾನು ಅಂಥದ್ದನ್ನೇ ಹುಡುಕುತ್ತೇನೆ.

3. ವೀಕ್ಷಣೆಯ ದಿನ: ಸೀರೆ, ಕಸೂತಿ

ಹೆಚ್ಚು ಮಂದಿ ಎಡವುವುದು ಇಲ್ಲಿ. ಕೈ ತೊಳೆದು ಒರೆಸಿಕೊಳ್ಳಿ, ಉಂಗುರ, ಬಳೆ ತೆಗೆಯಿರಿ. ಗಟ್ಟಿಯಾಗಿದೆಯೇ ಎಂದು ಬಟ್ಟೆಯನ್ನು ಎಳೆದು ನೋಡುವ ಚಾಳಿ ಹಲವರಿಗಿದೆ, ದಯವಿಟ್ಟು ಬಿಡಿ. ದಶಕಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆಗೆ ಆ ಒಂದು ಎಳೆತವೇ ಸಾಕು. ಮೇಜಿನ ಮೇಲೆ ಬಿಚ್ಚಿ ಹರಡಿ, ಮಡಿಕೆಯಿದ್ದ ಕಡೆ ಕೆಳಗಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ಗೆರೆಗೆರೆಯಾಗಿ ನುಸುಳಿದರೆ ಎಳೆಗಳು ಮುರಿದಿವೆ ಎಂದರ್ಥ. ಅದು ಉಡುವ ಸೀರೆಯಲ್ಲ. ಸೆರಗು, ಅಂಚು ಚೆನ್ನಾಗಿದ್ದರೆ ಚೌಕಟ್ಟು ಹಾಕಿಸಲು ಕೊಳ್ಳಬಹುದು, ಬೆಲೆಯೂ ಅದಕ್ಕೆ ತಕ್ಕಂತಿರಲಿ.

ಜರಿಯ ವಿಷಯಕ್ಕೆ ಬರೋಣ. ಅಸಲಿ ಜರಿಯೆಂದರೆ ರೇಷ್ಮೆ ದಾರಕ್ಕೆ ಸುತ್ತಿದ ತೆಳ್ಳನೆಯ ಬೆಳ್ಳಿ ತಂತಿ, ಅದರ ಮೇಲೆ ಚಿನ್ನದ ಲೇಪ. ಬೆಳ್ಳಿಯಾದ್ದರಿಂದ ವಯಸ್ಸಾದಂತೆ ಅದು ಬೂದು, ಕಪ್ಪಿಗೆ ತಿರುಗುತ್ತದೆ. ತಾಮ್ರದ ತಂತಿಯ ಜರಿ ಕೆಂಪಾಗುತ್ತದೆ, ಕೆಲವೊಮ್ಮೆ ಹಸಿರು ಕಿಲುಬು ಹಿಡಿಯುತ್ತದೆ. ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ ಜರಿಗೆ ಬಣ್ಣ ಬದಲಾಗುವುದೇ ಗೊತ್ತಿಲ್ಲ. ಆದ್ದರಿಂದ ಹಳೆಯದೆನ್ನುವ ಸೀರೆಯ ಜರಿ ಫಳಫಳ ಹೊಳೆಯುತ್ತಿದ್ದರೆ ಅನುಮಾನಪಡಿ, ಮಂಕಾಗಿ ಕಪ್ಪಾಗಿದ್ದರೆ ಇನ್ನಷ್ಟು ಹತ್ತಿರ ಹೋಗಿ. ಸೆರಗಿನ ತುದಿಯಲ್ಲಿ ಬಿಡಿಯಾಗಿ ನಿಂತ ಒಂದು ಎಳೆಯನ್ನು ಲೂಪಿನಲ್ಲಿ ನೋಡಿದರೆ ತಂತಿ ಸವೆದ ಕಡೆ ಒಳಗಿನ ದಾರ ಕಾಣುತ್ತದೆ. ಅದು ರೇಷ್ಮೆಯೇ, ಹತ್ತಿಯೇ, ನೈಲಾನೇ ಎಂದು ಅಲ್ಲೇ ತಿಳಿಯುತ್ತದೆ. ಎಳೆ ಕಿತ್ತು ಸುಟ್ಟು ನೋಡುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ಅದು ಇನ್ನೂ ನಿಮ್ಮ ಸೀರೆಯಲ್ಲ.

‘ಹಳೇ ಜರಿ ಸೀರೆ ಕೊಳ್ತೀವಿ’ ಎಂದು ಬೀದಿಯಲ್ಲಿ ಕೂಗಿಕೊಂಡು ಬರುವವರು ಸೀರೆಗೆ ಬೆಲೆ ಕಟ್ಟುವುದಿಲ್ಲ, ಅದರೊಳಗಿನ ಬೆಳ್ಳಿಗೆ ಕಟ್ಟುತ್ತಾರೆ. ಕೊಂಡದ್ದನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಈಗ ಯಾವ ಮಗ್ಗದಲ್ಲೂ ಹಾಕದ ಅಂಚಿನ ವಿನ್ಯಾಸಗಳು ಹೀಗೆ ಬೂದಿಯಾಗಿವೆ. ಮನೆಯ ಟ್ರಂಕಿನಲ್ಲಿರುವುದನ್ನು ಅವರ ಕೈಗೆ ಹಾಕುವ ಮುನ್ನ ಹರಾಜು ಮನೆಗೋ ಸಂಗ್ರಾಹಕರಿಗೋ ಒಮ್ಮೆ ತೋರಿಸಿ.

ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದದ್ದು 1912ರಲ್ಲಿ. ‘ಇನ್ನೂರು ವರ್ಷದ ಮೈಸೂರು ಸಿಲ್ಕ್’ ಎಂದು ಚೀಟಿ ಅಂಟಿಸಿದ್ದರೆ ಆ ಲಾಟ್ ಬಿಟ್ಟು ಮುಂದೆ ಹೋಗಿ. ಇಳಕಲ್ ಸೀರೆಯಾದರೆ ಸೆರಗು ಮೈಗೆ ಕೂಡುವ ಜಾಗ ನೋಡಿ. ಅಲ್ಲಿ ಮೈಯ ಹಾಸಿನ (ಉದ್ದಕ್ಕೆ ಓಡುವ) ಎಳೆಗೂ ಸೆರಗಿನ ಕೆಂಪು ರೇಷ್ಮೆ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿರುತ್ತಾರೆ. ಲೂಪಿನಲ್ಲಿ ಸಾಲುಸಾಲು ಕುಣಿಕೆಗಳು ಕಂಡರೆ ಕೈಮಗ್ಗದ್ದು. ಕೊಂಡಿಯೇ ಇಲ್ಲದೆ ಬಣ್ಣ ಮಾತ್ರ ಬದಲಾಗಿದ್ದರೆ ಬೇಡ.

ಕಸೂತಿಗೆ ಒಂದೇ ನಿಯಮ: ಮಗುಚಿ ನೋಡಿ. ಗಾವಂತಿ, ಮುರಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ, ಗಂಟು ಇರುವುದಿಲ್ಲ. ನೇಯ್ಗಿ, ಮೆಂಥಿಯಲ್ಲಿ ಹಿಂಬದಿ ಬೇರೆಯಾಗಿರುತ್ತದೆ, ಅದನ್ನು ದೋಷವೆಂದು ತಿಳಿಯಬೇಡಿ. ಯಂತ್ರದ ಕಸೂತಿಗೆ ಹಿಂಬದಿಯಲ್ಲಿ ಬಾಬಿನ್ನಿನ ಬೇರೆಯೇ ದಾರ ಓಡಿರುತ್ತದೆ. ಒಂದು ಹರಾಜಿನಲ್ಲಿ ಕಪ್ಪು ಚಂದ್ರಕಾಳಿ ಸೀರೆಯೊಂದು ಬಂದಿತ್ತು. ಮೈ ಅಲ್ಲಲ್ಲಿ ಹರಿದು, ಯಾರೋ ತೇಪೆ ಹಾಕಿದ್ದರು. ಎಲ್ಲರೂ ಎತ್ತಿ ನೋಡಿ ಕೆಳಗಿಟ್ಟರು. ಸೆರಗು ಮಗುಚಿದರೆ ಗೋಪುರ, ತುಳಸಿಕಟ್ಟೆ, ಪಲ್ಲಕ್ಕಿ, ಹಿಂದೆಯೂ ಮುಂದೆಯೂ ಒಂದೇ ಗೀಟು. ಒಂದು ಗೋಪುರದ ನೆತ್ತಿಯಲ್ಲಿ ಹಸಿರು ದಾರ ಮುಗಿದಿರಬೇಕು, ಕಳಶವನ್ನು ಕಿತ್ತಳೆ ಬಣ್ಣದಲ್ಲಿ ಪೂರೈಸಿದ್ದಳು ಕಸೂತಿ ಹಾಕಿದಾಕೆ. ತೇಪೆಯ ಹೊಲಿಗೆಯೂ ಅದೇ ಕೈಯದೆಂದು ನನಗೆ ಅನ್ನಿಸಿತು. ಅಂಥ ಸೀರೆಗೆ ತೇಪೆ ಕುಂದಲ್ಲ. ನಾನು ಕೊಂಡೆ.

ಕಪ್ಪು, ಕಡುಗಂದು ಬಣ್ಣದ ಭಾಗಗಳು ಮಾತ್ರ ಉದುರಿ ಹೋಗಿ ಉಳಿದದ್ದು ಗಟ್ಟಿಯಾಗಿರುವುದನ್ನೂ ಹಳೆಯ ಬಟ್ಟೆಗಳಲ್ಲಿ ಕಾಣುತ್ತೀರಿ. ಬಣ್ಣ ಕೂರಿಸಲು ಬಳಸಿದ ಕಬ್ಬಿಣದ ಅಂಶ ಎಳೆಯನ್ನೇ ತಿಂದಿರುತ್ತದೆ. ಅದನ್ನು ನಿಲ್ಲಿಸುವ ಮನೆಮದ್ದಿಲ್ಲ.

4. ಲೇಸು

ಲೂಪ್ ಇಲ್ಲದೆ ಲೇಸು ಕೊಳ್ಳಲೇಬೇಡಿ. ದಕ್ಷಿಣ ಭಾರತಕ್ಕೆ ಈ ಕೆಲಸ ಗಟ್ಟಿಯಾಗಿ ಬಂದದ್ದು 19ನೇ ಶತಮಾನದ ಮೊದಲ ಭಾಗದಲ್ಲಿ, ನಾಗರಕೋಯಿಲಿನಲ್ಲಿ ಮಿಷನರಿ ಮಾರ್ಥಾ ಮಾಲ್ಟ್ ಹೆಣ್ಣುಮಕ್ಕಳಿಗೆ ಕಲಿಸತೊಡಗಿದಾಗ. ದಿಂಬಿನ ಮೇಲೆ ಕದಿರುಗಳಿಂದ ಹೆಣೆದ ಲೇಸಿನಲ್ಲಿ ದಾರಗಳು ಒಂದನ್ನೊಂದು ದಾಟುವುದೂ ತಿರುಚಿಕೊಳ್ಳುವುದೂ ಸ್ಪಷ್ಟವಾಗಿ ಕಾಣುತ್ತವೆ, ಒಂದು ಹೂವು ಇನ್ನೊಂದಕ್ಕಿಂತ ಕೊಂಚ ಬೇರೆ. ಆಂಧ್ರದ ನರಸಾಪುರದ್ದು ಕ್ರೋಶೆ, ಅಲ್ಲಿ ಒಂದೇ ದಾರ ಕುಣಿಕೆಕುಣಿಕೆಯಾಗಿ ಸಾಗುತ್ತದೆ. ಅಂಚು ರೋಮರೋಮವಾಗಿದ್ದು ಎಲ್ಲ ಹೂವೂ ಅಚ್ಚು ಹಾಕಿದಂತಿದ್ದರೆ ಯಂತ್ರದಲ್ಲಿ ಕಸೂತಿ ಮಾಡಿ ಹಿಂದಿನ ಬಟ್ಟೆಯನ್ನು ರಾಸಾಯನಿಕದಲ್ಲಿ ಕರಗಿಸಿದ್ದು. ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ‘ಹಳತು’ ಮಾಡುವವರೂ ಇದ್ದಾರೆ. ಹಾಗೆ ಮಾಡಿದ್ದರಲ್ಲಿ ಹೊಲಿಗೆಯ ಒಳಸಂದಿಯೂ ಅದೇ ಕಂದು ಬಣ್ಣಕ್ಕಿರುತ್ತದೆ. ನಿಜವಾಗಿ ಹಳತಾದದ್ದು ಬೆಳಕು, ಗಾಳಿ ತಾಗಿದ ಕಡೆ ಹೆಚ್ಚು, ಮಡಿಕೆಯೊಳಗೆ ಕಡಿಮೆ ಹಳದಿಯಾಗಿರುತ್ತದೆ.

5. ಕಾನೂನು

ಮೈಸೂರಿನ ಬೀಟೆ ಸಾಮಾನಿನಲ್ಲಿ ಕೂರಿಸಿದ ಬಿಳಿ ಚಿತ್ತಾರ ಹಿಂದೆ ಆನೆದಂತದ್ದೇ ಆಗಿರುತ್ತಿತ್ತು. ಅಂಬಾವಿಲಾಸ ಅರಮನೆಯ ಬಾಗಿಲುಗಳಲ್ಲಿ ಆ ಕೆಲಸ ಇವತ್ತಿಗೂ ನೋಡಲು ಸಿಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳ ನಂತರ ದಂತದ ವ್ಯಾಪಾರ ಪೂರ್ತಿ ನಿಷಿದ್ಧ. ಎಷ್ಟೇ ಹಳೆಯದಾದರೂ, ಎಷ್ಟೇ ಚಂದವಿದ್ದರೂ ಕೊಳ್ಳಬೇಡಿ. ಲೂಪಿನಲ್ಲಿ ಸಣ್ಣ ಕಪ್ಪು ಚುಕ್ಕಿ, ಗೀಟುಗಳು ಕಂಡರೆ ಮೂಳೆ, ಏನೂ ಕಾಣದೆ ನುಣ್ಣಗಿದ್ದರೆ ಪ್ಲಾಸ್ಟಿಕ್ ಇರಬಹುದು. ಅನುಮಾನ ಉಳಿದರೆ ಕೈಬಿಡಿ.

ಹೊರದೇಶದಲ್ಲಿರುವ ಮಕ್ಕಳಿಗೆ ಕಳಿಸಲು ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆ, ಕುಶಲ ಕೆಲಸದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಷ್ಟು ಹಳೆಯದಲ್ಲವೆಂದು ತೋರಿಸಲು ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಪ್ರಮಾಣಪತ್ರ ಬೇಕು. ಬೀಟೆಯ ಸಾಮಾನು ಸಾಗಿಸಲು ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧಗಳೂ ಇವೆ. ಕೊಂಡ ಮೇಲೆ ವಿಚಾರಿಸಿದರೆ ತಡವಾಯಿತು.

6. ಬೆಲೆಯ ಮಿತಿ, ಸವಾಲು

ಸುತ್ತಿಗೆ ಬಿದ್ದ ಬೆಲೆಯೇ ಕೊನೆಯ ಬೆಲೆಯಲ್ಲ. ಕೊಳ್ಳುವವರಿಂದ ಹರಾಜು ಮನೆ ಪಡೆಯುವ ಪ್ರೀಮಿಯಂ, ತೆರಿಗೆ, ಲಾರಿ ಬಾಡಿಗೆ, ರಿಪೇರಿ ಎಲ್ಲ ಮೇಲಿನಿಂದ. ಉದಾಹರಣೆಗೆ, 40,000 ರೂಪಾಯಿಗೆ ಸವಾಲು ನಿಂತು ಪ್ರೀಮಿಯಂ ಶೇ 15 ಇದ್ದರೆ ತೆರಿಗೆಗೂ ಮುಂಚೆಯೇ 46,000 ಆಯಿತು. ಷರತ್ತುಗಳ ಪುಟ ಓದಿ, ಎಲ್ಲ ಕೂಡಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ನಿಮ್ಮ ಮಿತಿಯನ್ನು ಕ್ಯಾಟಲಾಗಿನ ಅಂಚಿನಲ್ಲಿ ಪೆನ್ನಿನಲ್ಲಿ ಬರೆದಿಡಿ. ಹರಾಜಿನ ದಿನ ಆ ಅಂಕಿಯವರೆಗೆ ಕೂಗಿ, ದಾಟಿದರೆ ಸುಮ್ಮನಾಗಿ.

7. ಮನೆಗೆ ತಂದ ಮೇಲೆ

ಮರದ ಸಾಮಾನಿಗೆ ಮೊದಲ ತಿಂಗಳು ಏನೂ ಮಾಡಬೇಡಿ. ಬಿಸಿಲು, ಎ.ಸಿ. ಗಾಳಿ ನೇರವಾಗಿ ತಾಗದ ಕಡೆ ಇಡಿ. ಡಬ್ಬಿಯಲ್ಲಿ ಬರುವ ಸಿಲಿಕೋನ್ ಸ್ಪ್ರೇ ಪಾಲಿಶ್ ಮನೆಯೊಳಗೆ ತರಲೇಬೇಡಿ. ಅದು ಮರದೊಳಕ್ಕೆ ಇಳಿದರೆ ಮುಂದೆ ಯಾವ ಪಾಲಿಶೂ ಸರಿಯಾಗಿ ಕೂರುವುದಿಲ್ಲ. ಮೆಲಮೈನ್ ಹೊಡೆಸಿ ಎನ್ನುವ ಪಾಲಿಶ್‌ನವರಿಗೂ ಬೇಡವೆನ್ನಿ. ಅರಗಿನ ಪಾಲಿಶನ್ನು ಹತ್ತಿಯುಂಡೆಯಲ್ಲಿ ಪದರಪದರವಾಗಿ ಹಚ್ಚುವವರು ಇನ್ನೂ ಇದ್ದಾರೆ. ದಿನ ಹೆಚ್ಚು ಹಿಡಿದರೂ ಅವರನ್ನೇ ಹುಡುಕಿ.

ಬಟ್ಟೆಯನ್ನು ಒಗೆಯಬೇಡಿ, ಡ್ರೈಕ್ಲೀನಿಂಗಿಗೂ ಕೊಡಬೇಡಿ. ನೆರಳಿನಲ್ಲಿ ಗಾಳಿಗೆ ಹರಡಿ, ಗಂಜಿ ಹಾಕದೆ ಒಗೆದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ, ತಂತಿಯ ಹ್ಯಾಂಗರ್ ಬೇಡ, ನುಸಿಗುಳಿಗೆ ಜರಿಗೆ ತಾಗಕೂಡದು. ಮರದ ಬೀರುವಿಗಿಂತ ಸ್ಟೀಲ್ ಬೀರು ವಾಸಿ, ಮರದಿಂದ ಹೊರಡುವ ಆಮ್ಲ ಬಟ್ಟೆಗೆ ಒಳ್ಳೆಯದಲ್ಲ. ಮೂರು ತಿಂಗಳಿಗೊಮ್ಮೆ ತೆಗೆದು ಹಳೆಯ ಮಡಿಕೆ ಬಿಟ್ಟು ಬೇರೆ ಜಾಗದಲ್ಲಿ ಮಡಿಚಿ. ತೀರಾ ನಾಜೂಕಾಗಿರುವ ಸೆರಗನ್ನೂ ಲೇಸನ್ನೂ ಮಡಿಚುವ ಬದಲು ಬಟ್ಟೆ ಸುತ್ತಿದ ದಪ್ಪ ಕೊಳವೆಗೆ ಸುರುಳಿ ಸುತ್ತಿ, ಲಾಟ್ ನಂಬರು, ದಿನಾಂಕ, ರಸೀದಿಯ ಪ್ರತಿಯನ್ನು ಹೊರಗಡೆ ಕಟ್ಟಿಡಿ.