ಅಡುಗೆಯವರಿಲ್ದೇ ಜೈಸಲ್ಮೇರ್: ಡೊಂಬಿವಲಿ ಗ್ರೂಪ್ ಜೊತೆ ನನ್ನ ಅನುಭವ

ಮುಂಬೈಯಿಂದ ನಮ್ಮ ಕನ್ನಡ ಮಂದೀನ ಟೂರ್‌ಗೆ ಕರ್ಕೊಂಡ್ ಹೋಗೋರಿಗೆಲ್ಲ ಗೊತ್ತು, ರಾಜಸ್ಥಾನ ಅಂದ ಕೂಡ್ಲೇ ಮೊದಲ ಪ್ರಶ್ನೆ "ಊಟಕ್ಕೇನ್ರೀ?" ಅಂತ. ಈ ಸಲ ನಾನು ಅಡುಗೆಯವರನ್ನ ಕರ್ಕೊಂಡ್ ಹೋಗಲ್ಲ ಅಂದಾಗ ನನ್ನ ಹಾಗೇ ಗ್ರೂಪ್ ನಡೆಸೋ ಇಬ್ರು ಮುಖಕ್ಕೇ ಹೇಳಿದ್ರು, ಅರವತ್ತು ದಾಟಿದೋರು, ಅನ್ನ ಸಾರು ಇಲ್ದಿದ್ರೆ ಮೂರನೇ ದಿನಕ್ಕೆ ಎಲ್ರೂ ಮಲಗ್ತಾರೆ ಅಂತ. ಇಪ್ಪತ್ತು ಚಿಲ್ಲರೆ ಜನ ಹೋಗಿದ್ವಿ, ಒಬ್ರೂ ಮಲಗ್ಲಿಲ್ಲ. ಅದಕ್ಕೇ ಬರೀತಿದೀನಿ.

ಹಳೇ ಪದ್ಧತೀಲಿ ದುಡ್ಡು ಎಲ್ಲಿ ಸೋರುತ್ತೆ ನೋಡಿ. ಅಡುಗೆಯವ, ಅವನ ಜೊತೆಗೊಬ್ಬ, ಇಬ್ರ ಟಿಕೆಟ್, ರೂಮು, ಸಂಬಳ. ರೈಲಲ್ಲಿ ಸಿಲಿಂಡರ್ ತಗೊಂಡ್ ಹೋಗೋ ಹಾಗಿಲ್ಲ, ಅಲ್ಲೇ ಬಾಡಿಗೆ. ಹೋಟೆಲ್‌ನೋರು ಕಿಚನ್ ಕೊಡಲ್ಲ, ಧರ್ಮಶಾಲೆ ಹುಡುಕ್ಬೇಕು. ತಲೆಗೆ ಎರಡೂವರೆ ಸಾವಿರ ಅದಕ್ಕೇ ಹೋಗ್ತಿತ್ತು. ಮೇಲಿಂದ ಆ ಕಡೆ ಬೋರ್ ನೀರು ಗಡಸು, ತೊಗರಿಬೇಳೆ ಎಷ್ಟೊತ್ತು ಇಟ್ರೂ ಬೇಯಲ್ಲ, ಉಪ್ಪಿಟ್ಟಿಗೆ ಕಾಯ್ಕೊಂಡು ಹೊರಡೋ ಹೊತ್ತಿಗೆ ಒಂಬತ್ತೂವರೆ, ಕೋಟೆ ಹತ್ತೋಕೆ ಬಿಸಿಲು ಶುರು. ರೆಡಿಮಿಕ್ಸ್ ಪ್ಯಾಕೆಟ್‌ನೂ ಟ್ರೈ ಮಾಡಿದ್ದೆ, ಎರಡನೇ ದಿನಕ್ಕೆ ಪುಳಿಯೋಗರೆ ಅಂದ್ರೆ ಜನ ಮುಖ ತಿರುಗಿಸ್ತಿದ್ರು.

ಈಗ ನನ್ನ ಲೆಕ್ಕ ಬೇರೆ, ಅಲ್ಲಿನ ತಿಂಡಿಗೆ ತಕ್ಕ ಹಾಗೆ ಊರು ನೋಡೋ ಟೈಮ್ ಇಡೋದು. ಬಾಂದ್ರಾ ಟರ್ಮಿನಸ್‌ನಲ್ಲಿ ಮಧ್ಯಾಹ್ನ ಸೂರ್ಯನಗರಿ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗ್ಗೆ ಜೋಧ್‌ಪುರ. ಸ್ನಾನ ಮುಗಿಸಿ ಪ್ಯಾಜ್ ಕಚೋರಿ, ಮಿರ್ಚಿ ಬಡಾ, ಎರಡೂ ಅರ್ಧರ್ಧ, ಪೂರ್ತಿ ಕೊಡ್ಲೇಬೇಡಿ. ಈ ಮಿರ್ಚಿ ಒಳಗೆ ಆಲೂಗಡ್ಡೆ ತುಂಬಿರ್ತಾರೆ, ನಮ್ಮ ಮಿರ್ಚಿ ಮಂಡಕ್ಕಿ ಲೆಕ್ಕದಲ್ಲಿ ಮೂರು ತಿಂದ್ರೆ ಆ ದಿನ ಮುಗೀತು. ಆಮೇಲೆ ಮೆಹ್ರಾನ್‌ಗಢ. 1459ರಲ್ಲಿ ರಾವ್ ಜೋಧಾ ಶುರು ಮಾಡಿಸಿದ ಕೋಟೆ, ಮೇಲಕ್ಕೆ ಲಿಫ್ಟ್ ಇದೆ, ಮಂಡಿನೋವಿನೋರಿಗೆ ಅದನ್ನ ಮೊದ್ಲೇ ಹೇಳಿಬಿಡಿ, ಅರ್ಧ ಜನ ಅದಕ್ಕೇ ಹೆದರಿ ಬರಲ್ಲ ಅಂತಾರೆ. ಇಳಿದ್ಮೇಲೆ ಗಂಟಾಘರ್ (ಗಡಿಯಾರದ ಗೋಪುರ) ಹತ್ರ ಮಿಶ್ರೀಲಾಲ್‌ನಲ್ಲಿ ಮಖನಿಯಾ ಲಸ್ಸಿ, ಚಮಚದಲ್ಲೇ ತಿನ್ಬೇಕು ಅಷ್ಟು ಗಟ್ಟಿ. ಅದೇ ಅರ್ಧ ಊಟ. ದಾಲ್ ಬಾಟಿ, ಅಂದ್ರೆ ಬೇಳೆ ಜೊತೆ ಸುಟ್ಟ ಗೋಧಿ ಉಂಡೆ, ಮಧ್ಯಾಹ್ನ ಮಾತ್ರ, ರಾತ್ರಿ ಖಿಚಡಿ ಕಢಿ.

ಗೆದ್ದಿದ್ದು ಮಾತ್ರ ಸಜ್ಜೆಯಿಂದ. ಚಳಿಗಾಲದಲ್ಲಿ ಅಲ್ಲಿ ಮನೆಮನೇಲಿ ಬಾಜ್ರಾ ಸೋಗರಾ, ಅಂದ್ರೆ ಸಜ್ಜೆ ರೊಟ್ಟಿ ಮಾಡ್ತಾರೆ, ಕೈಯಲ್ಲೇ ತಟ್ಟಿದ್ದು, ಮೇಲೆ ತುಪ್ಪ ಬೆಲ್ಲ. ಜೈಸಲ್ಮೇರ್ ಹತ್ರದ ಖುರಿ ಅನ್ನೋ ಹಳ್ಳೀಲಿ ಒಂದು ಮನೇಲಿ ಅದನ್ನ ಕೇರ್ ಸಾಂಗ್ರಿ ಪಲ್ಯ ಜೊತೆ ಬಡಿಸಿದ್ರು, ಕುಡಿಯೋಕೆ ರಾಬ್, ಮಜ್ಜಿಗೇಲಿ ಸಜ್ಜೆ ಹಿಟ್ಟು ಕುದಿಸಿದ್ದು. ನಮ್ಮ ಗದಗಿನ ಅಕ್ಕ ಒಬ್ರು ಒಂದು ತುತ್ತು ತಿಂದು "ಅಯ್ಯ, ಇದು ನಮ್ಮ ಸಜ್ಜಿ ರೊಟ್ಟಿ ಅಂಬಲಿನ ಬಿಡ್ರಿ, ಸುಮ್ನ ಹೆದರಿಸಿದ್ರಿ" ಅಂದ್ರು. ಆಮೇಲೆ ಅನ್ನದ ಮಾತೇ ಇಲ್ಲ. ಯಾರ ಮನೆ ಅಂತ ಕೇಳ್ಬೇಡಿ, ಅದು ನನ್ನ ಹತ್ರಾನೇ ಇರ್ಲಿ. ಸಮ್ ಮರಳುದಿಬ್ಬಕ್ಕೆ ಎಲ್ರೂ ಹೋಗ್ತಾರೆ, ಜೀಪು ಡೀಜೆ ಗಲಾಟೆ, ನಾನು ಖುರಿ ಬಿಡಲ್ಲ.

ಕೇರ್ ಅಂದ್ರೆ ಅಲ್ಲಿನ ಒಂದು ಮುಳ್ಳುಪೊದೆಯ ಸಣ್ಣ ಕಾಯಿ, ಸಾಂಗ್ರಿ ಅಂದ್ರೆ ಖೇಜ್ರಿ ಮರದ ಕಾಯಿ, ಒಣಗಿಸಿಟ್ಟಿರ್ತಾರೆ. ಅದೇ ಖೇಜ್ರಿ ಉಳಿಸೋಕೆ 1730ರಲ್ಲಿ ಜೋಧ್‌ಪುರದ ಹತ್ರ ಖೇಜಡ್ಲಿಯಲ್ಲಿ ಅಮೃತಾದೇವಿ ಸೇರಿ 363 ಜನ ಬಿಷ್ಣೋಯಿ ಪಂಥದೋರು ಪ್ರಾಣ ಕೊಟ್ರು. ಊಟಕ್ಕೆ ಮುಂಚೆ ಇದನ್ನ ಹೇಳಿದ್ರೆ ತಟ್ಟೇಲಿ ಯಾರೂ ಬಿಡಲ್ಲ, ನೋಡಿದೀನಿ. ಅರ್ಧ ಕಿಲೋ ಸಾಂಗ್ರಿ ಮನೆಗೆ ತಂದು ರಾತ್ರಿಯಿಡೀ ನೆನೆಸಿ, ಹುಣಸೆರಸ, ಬೆಲ್ಲ, ಒಣಕೊಬ್ಬರಿ ಹಾಕಿ ಪಲ್ಯ ಮಾಡ್ದೆ, ಚೆನ್ನಾಗೇ ಬಂತು. ಹುಳಿಗೆ ಹಾಕಿದ್ದು ಮಾತ್ರ ಸರಿ ಹೋಗ್ಲಿಲ್ಲ, ನಾರು ನಾರು.

ಹಬ್ಬದ ಲೆಕ್ಕ. ಜೈಸಲ್ಮೇರ್ ಮರು ಮಹೋತ್ಸವ, ಅಂದ್ರೆ ಮರುಭೂಮಿ ಹಬ್ಬ, ಮಾಘ ಹುಣ್ಣಿಮೆಗೆ ಮುಗಿಯುತ್ತೆ. ಎಲ್ರೂ ಹುಣ್ಣಿಮೆ ರಾತ್ರಿಗೇ ಬಂದು ಬೀಳ್ತಾರೆ, ಸಾವಿರದೈನೂರರ ರೂಮು ಐದು ಸಾವಿರ ಹೇಳ್ತಾರೆ. ನಾವು ಶುರುವಿಗೇ ಹೋಗಿ ಮೆರವಣಿಗೆ, ಪಗಡಿ ಕಟ್ಟೋ ಸ್ಪರ್ಧೆ, ಮೀಸೆ ಸ್ಪರ್ಧೆ ನೋಡ್ಕೊಂಡು ಹುಣ್ಣಿಮೆ ಹೊತ್ತಿಗೆ ಖುರಿಗೆ ಜಾಗ ಖಾಲಿ ಮಾಡಿದ್ವಿ. ರೂಮಿನ ರೇಟ್ ಇಳಿಸೋಕೆ ಇನ್ನೊಂದು ಉಪಾಯ ಇದೆ, ಅದನ್ನ ಹೇಳಲ್ಲ. ಕೋಟೆ ಒಳಗೆ ಉಳ್ಕೋಬೇಡಿ, 1156ರ ಕೋಟೆ, ಇನ್ನೂ ಜನ ವಾಸ ಇದಾರೆ, ನೀರು ಇಂಗಿ ಬುನಾದಿ ಸಡಿಲ ಆಗ್ತಿದೆ, ಹೊರಗೆ ಉಳಿದು ಬೆಳಗ್ಗೆ ಹೋಗಿ ನೋಡಿ. ಘೋಟುವಾ ಲಡ್ಡು ಮಾತ್ರ ಕಟ್ಟಿಸ್ಕೊಂಡೇ ಬನ್ನಿ.

ಪಾಕಿಸ್ತಾನ ಗಡಿ ಹತ್ರದ ತನೋಟ್ ಮಾತಾ ಗುಡಿಗೆ ಒಂದು ಪೂರ್ತಿ ದಿನ ಬೇಕು, ಹೋಗೋಕೇ 120 ಕಿಲೋಮೀಟರ್. ಪೂಜೆ ಬಿಎಸ್‌ಎಫ್ ಜವಾನರೇ ಮಾಡ್ತಾರೆ, 1965ರ ಯುದ್ಧದಲ್ಲಿ ಬಿದ್ದು ಸಿಡೀದೇ ಉಳಿದ ಶೆಲ್‌ಗಳನ್ನ ಇಟ್ಟಿದಾರೆ. ವಾಪಸ್ ಬರ್ತಾ 1971ರ ಯುದ್ಧದ ಜಾಗ ಲೋಂಗೆವಾಲಾ. ದಾರೀಲಿ ಊಟ ಸಿಗೋದು ನಂಬ್ಕೋಬೇಡಿ, ಸೋಗರಾ ಕಟ್ಟಿಸ್ಕೊಂಡು ಹೋಗಿ, ಮೇಲೆ ಬೆಳ್ಳುಳ್ಳಿ ಚಟ್ನಿ.

ಒಟ್ಟು ಏಳೆಂಟು ದಿನ, ಥರ್ಡ್ ಎಸಿ ಹೋಗಿ ಬಂದಿದ್ದು ಸೇರಿ ತಲೆಗೆ 15 ಸಾವಿರದ ಆಸುಪಾಸು ಬಂತು, ಅಡುಗೆಯವರ ಜೊತೆ ಹೋದಾಗ 18 ದಾಟಿತ್ತು. ಮುಂದಿನ ಟೂರ್ ಶರದ್ ಹುಣ್ಣಿಮೆಗೆ, ಮೆಹ್ರಾನ್‌ಗಢದಲ್ಲಿ ಜಾನಪದ ಸಂಗೀತದ ಉತ್ಸವ ನಡೆಯುತ್ತೆ ಆಗ. ರೈಲು ಬುಕಿಂಗ್ ಈಗ 60 ದಿನ ಮುಂಚೆ ಓಪನ್ ಆಗೋದು, ಬರೋರು ಗಣಪತಿ ಹಬ್ಬದ ಗದ್ದಲ ನೋಡ್ಕೊಂಡು ಕೂರದೆ ಅದಕ್ಕೂ ಮೊದ್ಲೇ ಹೆಸರು ಹೇಳಿ, ಸೂರ್ಯನಗರಿಯಲ್ಲಿ ಲೋವರ್ ಬರ್ತ್ ಆಮೇಲೆ ಸಿಗಲ್ಲ.