ಬೆಕ್ಕಿನ ಸರಣಿ ಕೈಕೊಟ್ಟಾಗ ಮಾಡುವುದೇನು?

ಈ ಮಳೆಗಾಲದಲ್ಲಿ ಉಡುಪಿಯ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳು ಒಂದು ದಪ್ಪ ಪುಸ್ತಕವನ್ನು ಜಗಲಿಯ ಮೂಲೆಗೆ ಎಸೆದು ಮುಖ ಊದಿಸಿಕೊಂಡು ಕೂತಿದ್ದಳು. ಎರಿನ್ ಹಂಟರ್ ಹೆಸರಿನಲ್ಲಿ ಬರುವ 'ವಾರಿಯರ್ಸ್' ಸರಣಿಯದು. ಕಾಡಿನಲ್ಲಿ ಬಣ ಕಟ್ಟಿಕೊಂಡು ಬದುಕುವ ಬೆಕ್ಕುಗಳ ಕಥೆ, 2003ರಲ್ಲಿ ಶುರುವಾದದ್ದು, ಆರಾರು ಪುಸ್ತಕಕ್ಕೆ ಒಂದು ಸುತ್ತು. ಅವಳು ಎಸೆದದ್ದು ನಾಲ್ಕನೇ ಸುತ್ತಿನ ಕೊನೆಯ ಪುಸ್ತಕ, 2012ರ 'ದ ಲಾಸ್ಟ್ ಹೋಪ್'. ನನಗೂ ಅದು ಹಿಡಿಸಿರಲಿಲ್ಲ. ಹಾಗಾಗಿ ಇಂಥ ಪುಸ್ತಕವನ್ನು ದಾಟುವ ದಾರಿ ನನಗೆ ಸ್ವಲ್ಪ ಗೊತ್ತು. ಮುಂದೆ ಕಥೆಯ ಗುಟ್ಟು ಬಿಟ್ಟುಕೊಡುತ್ತೇನೆ, ಓದದವರು ಇಲ್ಲೇ ನಿಲ್ಲಿ.

ಮೊದಲು ಒಂದು ಚೀಟಿ ತಗೊಳ್ಳಿ. 'ಬೋರು' ಅಂತ ಬರೆದರೆ ಉಪಯೋಗ ಇಲ್ಲ. ಏನಕ್ಕೆ ಕಾಯ್ತಾ ಇದ್ದೆ, ಏನು ಸಿಕ್ಕಿತು, ಯಾವ ಪುಟದಲ್ಲಿ ಬೇಜಾರು ಶುರುವಾಯಿತು, ಇಷ್ಟು ಬರೆಯಿರಿ. ಅಕ್ಕನ ಮಗಳ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: 'ನಾಲ್ಕನೇ ಬೆಕ್ಕು ಅವನೇನಾ?' ವಿಷಯ ಏನೆಂದರೆ, ವಿಶೇಷ ಶಕ್ತಿಯ ಮೂರು ಬೆಕ್ಕುಗಳ ಬಗ್ಗೆ ಒಂದು ಭವಿಷ್ಯವಾಣಿ ಎರಡು ಸುತ್ತು, ಅಂದರೆ 12 ಪುಸ್ತಕ ಓಡುತ್ತದೆ. ನಡುವೆ ಮೂರು ಸಾಲದು, ನಾಲ್ಕಾಗಬೇಕು ಅನ್ನುತ್ತಾರೆ. ನಾವು ಯಾರ್ಯಾರನ್ನೋ ಊಹಿಸುತ್ತಾ ಕೂತರೆ, ಕೊನೆಗೆ ಅದು ಮೊದಲ ಪುಸ್ತಕದ ನಾಯಕ ಫೈರ್‌ಸ್ಟಾರ್! ಮನೆಯಿಡೀ ಹುಡುಕಿದ ಕನ್ನಡಕ ತಲೆ ಮೇಲೇ ಇದ್ದ ಹಾಗೆ.

ಚೀಟಿ ಆದ ಮೇಲೆ ಪುಸ್ತಕವನ್ನು ಆಟ ನೋಡುವವರ ಹಾಗೆ ಓದಿ. ನಮ್ಮ ಕಡೆ ಯಕ್ಷಗಾನಕ್ಕೆ ಆಟ ಅಂತಲೇ ಹೇಳುವುದು, ಗೊತ್ತಲ್ವಾ. ಇಡೀ ರಾತ್ರಿಯ ಆಟದಲ್ಲಿ ಹಳೇ ಪ್ರೇಕ್ಷಕರು ಎಲ್ಲವನ್ನೂ ಕಣ್ಣು ಬಿಟ್ಟು ನೋಡುವುದಿಲ್ಲ. ನಡುವೆ ಚಾ ಕುಡಿಯಲು ಹೋಗುತ್ತಾರೆ, ಕೂತಲ್ಲೇ ತೂಕಡಿಸುತ್ತಾರೆ, ಚೆಂಡೆಯ ಪೆಟ್ಟು ಬದಲಾಯಿತೋ ಸರಿಯಾಗಿ ಎದ್ದು ಕೂರುತ್ತಾರೆ. ಅಭಿಮನ್ಯು ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು, ಆದರೂ ಇವತ್ತಿನ ವೇಷಧಾರಿ ಅದನ್ನು ಹೇಗೆ ಮಾಡುತ್ತಾನೆ ಅಂತ ಕಾಯುತ್ತಾರೆ. 'ಲಾಸ್ಟ್ ಹೋಪ್'ನ ಯುದ್ಧವನ್ನೂ ಹೀಗೇ ಓದಿ. ಉಗುರು, ರಕ್ತ, ಮತ್ತೆ ಉಗುರು, ಅಂಥ ಪುಟಗಳನ್ನು ಸುಮ್ನೆ ಹಾರಿಸಿ. ಫೈರ್‌ಸ್ಟಾರ್ ಮತ್ತು ಹಳೇ ವೈರಿ ಟೈಗರ್‌ಸ್ಟಾರ್ ಎದುರಾಗುವಲ್ಲಿ ನಿಧಾನ ಮಾಡಿ. ವೈರಿ ಮುಗಿಯುತ್ತಾನೆ, ಮರಕ್ಕೆ ಸಿಡಿಲು ಬಡಿಯುತ್ತದೆ, ಫೈರ್‌ಸ್ಟಾರ್ ಸಾಯುತ್ತಾನೆ. ಬಣದ ನಾಯಕ ಬೆಕ್ಕಿಗೆ ಒಂಬತ್ತು ಜೀವ ಇದ್ದರೂ ಇದು ಅವನ ಕೊನೆಯದು. ಅವಸರದಲ್ಲಿ ಬರೆದ ಹಾಗಿದೆ ನಿಜ, ಆದರೆ ಮೊದಲ ಪುಸ್ತಕದಲ್ಲಿ ಅವನು ಸಾಕುಬೆಕ್ಕಿನ ಮರಿಯಾಗಿದ್ದದ್ದು ನೆನಪಾದರೆ ಗಂಟಲು ಕಟ್ಟುತ್ತದೆ.

ಲೇಖಕಿಗೆ ಬೈಯುವ ಮೊದಲು ಒಂದು ಮಾತು. ಎರಿನ್ ಹಂಟರ್ ಅಂತ ಒಬ್ಬರು ಇಲ್ಲ. ಕೇಟ್ ಕ್ಯಾರಿ, ಚೆರಿತ್ ಬಾಲ್ಡ್ರಿ ಇತ್ಯಾದಿ ಹಲವರು ಬರೆದದ್ದು, ಕಥೆಯ ಎಳೆ ಹೆಣೆದದ್ದು ಸಂಪಾದಕಿ ವಿಕ್ಟೋರಿಯಾ ಹೋಮ್ಸ್. ಒಂದು ಪುಸ್ತಕದಲ್ಲಿ ಹಸಿರು ಕಣ್ಣಿನ ಬೆಕ್ಕಿಗೆ ಇನ್ನೊಂದರಲ್ಲಿ ಬೇರೆ ಬಣ್ಣದ ಕಣ್ಣು ಬಂದರೆ ಆಶ್ಚರ್ಯ ಪಡಬೇಡಿ. ಮರಿಯಿಂದ ಯೋಧ ಆಗುವಷ್ಟರಲ್ಲಿ ಹೆಸರೂ ಬದಲಾಗುತ್ತದೆ. ಪುಸ್ತಕದ ಮೊದಲ ಪುಟಗಳಲ್ಲಿರುವ ಬಣದ ಪಟ್ಟಿಗೆ ಬೆರಳಿಟ್ಟುಕೊಂಡು ಓದಿ.

ಇದ್ಯಾವುದೂ ಆಗದಿದ್ದರೆ ಬದಲಿ ಪುಸ್ತಕ ಹಿಡಿಯಿರಿ. ಬ್ರಯಾನ್ ಜೇಕ್ಸ್ ಅವರ 'ರೆಡ್‌ವಾಲ್' ಸರಣಿ 1986ರಿಂದ 2011ರವರೆಗೆ 22 ಪುಸ್ತಕ ಬಂತು. ಅಲ್ಲೂ ಸಪ್ಪೆ ಪುಸ್ತಕಗಳಿವೆ. ಇಲಿಗಳು ಒಳ್ಳೆಯವು, ಹೆಗ್ಗಣಗಳು ಕೆಟ್ಟವು, ಪ್ರತಿ ಸಲ ಮುತ್ತಿಗೆ. ಆದರೆ ಊಟದ ವರ್ಣನೆ ಮಾತ್ರ ಎಲ್ಲಿಯೂ ಸೋಲುವುದಿಲ್ಲ. ಲಿವರ್‌ಪೂಲ್‌ನಲ್ಲಿ ಹಾಲು ಹಾಕಲು ಹೋಗುತ್ತಿದ್ದ ಅಂಧ ಮಕ್ಕಳ ಶಾಲೆಗಾಗಿ ಅವರು ಮೊದಲ ಕಥೆ ಬರೆದದ್ದು. ಅದಕ್ಕೇ ರುಚಿ, ವಾಸನೆ ಜಾಸ್ತಿ. ಹಸಿದು ಓದಬೇಡಿ.

ಅಕ್ಕನ ಮಗಳು ಬೇರೆಯೇ ದಾರಿ ಹಿಡಿದಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಮಲ್ಪೆಯಲ್ಲಿ ಬೋಟುಗಳು ಕಟ್ಟಿಹಾಕಿದ್ದವು. ಮೀನಿಲ್ಲದ ಬಂದರಿನಲ್ಲಿ ಎರಡು ಬಣದ ಬೆಕ್ಕುಗಳು ಏನು ಮಾಡುತ್ತವೆ ಅಂತ ಹಳೇ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದಾಳೆ. ನಾಲ್ಕನೇ ಬೆಕ್ಕು ಯಾರು ಅಂತ ಕೇಳಿದರೆ ನೋಟ್‌ಬುಕ್ ಮುಚ್ಚಿಬಿಡುತ್ತಾಳೆ.